ಬಾಟಲಿ ಬಿಟ್ಟಾಯ್ತು... ಈಗ ನಾನ್ಯಾರು?

ಸಂಜೆ ನಾಲ್ಕೂವರೆ. ಮಕ್ಕಳು ಇನ್ನೂ ಸ್ಕೂಲಿಂದ ಬಂದಿಲ್ಲ. ಒಲೆ ಮೇಲೆ ಹಾಲು ಕಾಯುತ್ತಿದೆ. ನೀವು ಅಡುಗೆಮನೆ ಕಟ್ಟೆಗೆ ಒರಗಿ ನಿಂತಿದ್ದೀರಿ. ಕಣ್ಣು ತನ್ನಷ್ಟಕ್ಕೆ ತಾನೇ ಅಟ್ಟದ ಮೇಲಿನ ಹಳೇ ಡಬ್ಬಗಳ ಕಡೆ ಹೋಗುತ್ತದೆ. ಆ ಡಬ್ಬಗಳ ಹಿಂದೆ ಈಗ ಏನೂ ಇಲ್ಲ ಅನ್ನೋದು ನಿಮಗೆ ಗೊತ್ತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೀವೇ ಅದನ್ನು ಕೆಳಗಿಳಿಸಿ ಸಿಂಕಿಗೆ ಸುರಿದಿರಿ. ಇವತ್ತಿಗೆ 92 ದಿನ ಆಯಿತು. ಯಾರಿಗೂ ಗೊತ್ತಾಗದ ಹಾಗೆ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಿಂದ ದಿನಕ್ಕೊಂದು ಚುಕ್ಕೆ ಇಡುತ್ತಾ ಬಂದಿದ್ದೀರಿ.

ಮನೆಯವರಿಗೆಲ್ಲ ಖುಷಿ. ಡಾಕ್ಟರು ರಕ್ತಪರೀಕ್ಷೆಯ ರಿಪೋರ್ಟ್ ನೋಡಿ, "ಲಿವರ್ ಸುಧಾರಿಸ್ತಾ ಇದೆ" ಅಂದಿದ್ದಾರೆ. ಗಂಡ ಎಷ್ಟೋ ವರ್ಷದ ಮೇಲೆ ಒಂದು ಮೊಳ ಮಲ್ಲಿಗೆ ತಂದಿದ್ದಾರೆ. ಅತ್ತೆ ಫೋನಿನಲ್ಲಿ ತಮ್ಮ ತಂಗಿಗೆ ಹೇಳುತ್ತಿದ್ದದ್ದು ನಿಮ್ಮ ಕಿವಿಗೂ ಬಿತ್ತು. "ಈಗ ಪರವಾಗಿಲ್ಲ ಕಣೇ, ಮೊದಲಿನ ಹಾಗೇ ಆಗಿದ್ದಾಳೆ."

ಸಂತೋಷ ಆಗಬೇಕಿತ್ತು. ಆದರೆ ಹೊಟ್ಟೆಯೊಳಗೆ ಏನೋ ಚುಚ್ಚಿದ ಹಾಗಾಯಿತು. ಮೊದಲಿನ ಹಾಗೆ ಅಂದ್ರೆ ಯಾವ ಹಾಗೆ? ಆ ಮೊದಲಿನವಳೇ ಅಲ್ವಾ, ತಡೆಯಲಾಗದೆ ಬಾಟಲಿ ಹುಡುಕಿಕೊಂಡು ಹೋದವಳು?

ಇದನ್ನು ಓದಿ, "ಇದೇನು, ಯಾರೋ ನಮ್ಮನೆಗೇ ಬಂದು ನೋಡಿದ ಹಾಗಿದೆಯಲ್ಲ" ಅನ್ನಿಸಿದರೆ ಈ ಮಾತುಗಳು ನಿಮಗಾಗಿಯೇ. ಅನ್ನಿಸದಿದ್ದರೂ ಪುಟ ತಿರುಗಿಸಬೇಡಿ. ನಿಮ್ಮ ಅಕ್ಕನೋ, ಓರಗಿತ್ತಿಯೋ, ಆಫೀಸಿನಲ್ಲಿ ಪಕ್ಕದಲ್ಲಿ ಕೂರುವ ಗೆಳತಿಯೋ ಈ ಹೊತ್ತಿಗೆ ಅದೇ ಕಟ್ಟೆಗೆ ಒರಗಿ ನಿಂತಿರಬಹುದು.

ಕಣ್ಣಿಗೆ ಬೀಳದವಳು

ಕುಡಿತದ ಕಥೆಯಲ್ಲಿ ನಮಗೆ ಎರಡೇ ಪಾತ್ರ ಗೊತ್ತು. ಕುಡಿಯುವ ಗಂಡ, ಕಣ್ಣೀರಿಡುವ ಹೆಂಡತಿ. ಕರ್ನಾಟಕದ ಹೆಣ್ಣುಮಕ್ಕಳು ಹೆಂಡದ ವಿರುದ್ಧ ಬೀದಿಗಿಳಿದ ಚರಿತ್ರೆ ದೊಡ್ಡದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಹಳ್ಳಿಯ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಬಂದರು. ಅವರ ಸಿಟ್ಟಿಗೆ ನೂರು ಕಾರಣ ಇತ್ತು. ಆದರೆ ಈ ಚಿತ್ರದಲ್ಲಿ ತಾನೇ ಕುಡಿಯುವ ಹೆಣ್ಣಿಗೆ ನಿಲ್ಲಲು ಜಾಗವೇ ಇಲ್ಲ. ಹಾಗಾಗಿ ಅವಳು ಅಟ್ಟದ ಹಿಂದೆ ಅಡಗುತ್ತಾಳೆ.

2019ರಲ್ಲಿ ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯ ದೆಹಲಿಯ ಏಮ್ಸ್ ಮೂಲಕ ಮಾಡಿಸಿದ ಸಮೀಕ್ಷೆಯ ವರದಿ ಹೊರಬಂತು. 10ರಿಂದ 75 ವರ್ಷದೊಳಗಿನವರಲ್ಲಿ ಮದ್ಯ ಸೇವಿಸುವ ಗಂಡಸರು ಶೇ 27.3, ಹೆಂಗಸರು ಶೇ 1.6 ಅಂತ ಅದರಲ್ಲಿದೆ. ನೂರಕ್ಕೆ ಇಬ್ಬರೂ ಇಲ್ಲ, ಇದೇನು ಮಹಾ ಅನ್ನಿಸಬಹುದು. ನಮ್ಮದು ಎಷ್ಟು ದೊಡ್ಡ ದೇಶ ಅಂತ ನೆನಪಿಸಿಕೊಳ್ಳಿ. ಆ ಸಣ್ಣ ಸಂಖ್ಯೆಯೊಳಗೆ ಲಕ್ಷಾಂತರ ಮನೆಗಳಿವೆ. ಮನೆಗೆ ಬಂದು ಪ್ರಶ್ನೆ ಕೇಳಿದ ಅಪರಿಚಿತರಿಗೆ "ಹೌದು, ನಾನು ಕುಡೀತೀನಿ" ಅಂತ ಹೇಳುವ ಧೈರ್ಯ ಎಷ್ಟು ಹೆಂಗಸರಿಗೆ ಇದ್ದೀತು, ನೀವೇ ಹೇಳಿ.

ಇನ್ನು ಚಟ ಅಂದ್ರೆ ಬಾಟಲಿ ಒಂದೇ ಅಲ್ಲವಲ್ಲ? ಎಲೆಅಡಿಕೆ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿ, ನಿದ್ದೆ ಬರೋಲ್ಲ ಅಂತ ಶುರುವಾಗಿ ಬಿಡಲಾಗದೆ ಉಳಿದ ಮಾತ್ರೆ, ಮೈಕೈ ನೋವಿಗೆ ಅಂತ ತೆಗೆದುಕೊಂಡು ಈಗ ನೋವಿಲ್ಲದಿದ್ದರೂ ಬೇಕೆನ್ನಿಸುವ ಗುಳಿಗೆ... ಇವೆಲ್ಲ ವಾಸನೆ ಬಾರದ, ಯಾರೂ ಬೈಯದ ಚಟಗಳು. ಈ ಬರಹದಲ್ಲಿ 'ಬಾಟಲಿ' ಅಂದಾಗಲೆಲ್ಲ ನಿಮ್ಮ ನಿಮ್ಮ ವಸ್ತುವನ್ನು ಅಲ್ಲಿ ಇಟ್ಟು ಓದಿಕೊಳ್ಳಿ.

ಹೆಣ್ಣಿನ ದೇಹಕ್ಕೆ ಮದ್ಯದ ಪೆಟ್ಟು ಬೇಗ. ಗಂಡಸಿಗಿಂತ ಹೆಂಗಸಿನ ದೇಹದಲ್ಲಿ ನೀರಿನ ಅಂಶ ಕಡಿಮೆ. ಹಾಗಾಗಿ ಅಷ್ಟೇ ಕುಡಿದರೂ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚಾಗುತ್ತದೆ. ಲಿವರ್ ಕೂಡ ಕಡಿಮೆ ವರ್ಷಗಳಲ್ಲೇ ಕೆಡುತ್ತದೆ. ಮರ್ಯಾದೆಯ ಪೆಟ್ಟು ಇನ್ನೂ ಬೇಗ. ಕುಡಿಯುವ ಗಂಡಸಿಗೆ 'ಪಾಪ, ಚಟ' ಅನ್ನುವ ಊರು, ಕುಡಿಯುವ ಹೆಣ್ಣಿನ ನಡತೆಯನ್ನೇ ಪ್ರಶ್ನೆ ಮಾಡುತ್ತದೆ. ಅದಕ್ಕೇ ಅವಳು ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ತುಂಬಾ ತಡವಾಗಿರುತ್ತದೆ.

ಇನ್ನೂ ಬಿಡದವರಿಗೆ ಒಂದು ಮಾತು

ಮುಂದೆ ಹೋಗುವ ಮುನ್ನ ಒಂದು ಎಚ್ಚರಿಕೆ. ದಿನಾ ಕುಡಿಯುವ ಅಭ್ಯಾಸ ಇದ್ದವರು ಇದನ್ನು ಓದಿದ ಹುಮ್ಮಸ್ಸಿನಲ್ಲಿ ನಾಳೆಯಿಂದಲೇ ಪೂರ್ತಿ ನಿಲ್ಲಿಸಿಬಿಡ್ತೀನಿ ಅಂತ ಒಬ್ಬರೇ ಹೊರಡಬೇಡಿ. ಮೊದಲು ಡಾಕ್ಟರನ್ನು ನೋಡಿ. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ದೇಹ ಅದು ದಿಢೀರನೆ ಸಿಗದಿದ್ದಾಗ ತಿರುಗಿಬೀಳುತ್ತದೆ. ಕೈ ನಡುಕ, ಬೆವರು, ವಾಂತಿ, ನಿದ್ದೆ ಇಲ್ಲದಿರುವುದು ಸಾಮಾನ್ಯ. ಕೆಲವರಿಗೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ ಬುದ್ಧಿ ಭ್ರಮಣೆ ಆಗಬಹುದು, ಜೀವಕ್ಕೇ ಅಪಾಯ ಆಗಬಹುದು. ನಿದ್ದೆ ಮಾತ್ರೆಯೂ ಅಷ್ಟೇ. ಅದನ್ನು ಡಾಕ್ಟರ ಲೆಕ್ಕದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಬರಬೇಕು. ಇದಕ್ಕೆ ಔಷಧಿಗಳಿವೆ, ಬಿ1 ಜೀವಸತ್ವದ ಚಿಕಿತ್ಸೆ ಇದೆ, ಮುಂದೆ ಕುಡಿಯುವ ಆಸೆಯನ್ನು ಕಡಿಮೆ ಮಾಡುವ ಮಾತ್ರೆಗಳೂ ಇವೆ. ಚಟ ಕಾಯಿಲೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಲು ನಾಚಿಕೆ ಇಲ್ಲ ಅಂದಮೇಲೆ ಇದಕ್ಕೇಕೆ?

"ವಿಷಯ ಹೊರಗೆ ಗೊತ್ತಾದ್ರೆ?" ಅನ್ನೋ ಭಯ ಇದ್ದದ್ದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ತೊಂದರೆಗಳನ್ನೂ ಮಾನಸಿಕ ಕಾಯಿಲೆ ಎಂದೇ ಪರಿಗಣಿಸುತ್ತದೆ. ನಿಮ್ಮ ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡಬೇಕಾದ್ದು ಚಿಕಿತ್ಸೆ ಕೊಡುವವರ ಕರ್ತವ್ಯ. ಅದು ನಿಮ್ಮ ಹಕ್ಕು.

ಖಾಲಿ ಖಾಲಿ ಯಾಕೆ?

ಈಗ 92ನೇ ದಿನಕ್ಕೆ ವಾಪಸ್ ಬರೋಣ. ಕುಡಿತ ಬಿಟ್ಟರೆ ಬದುಕು ಹಸನಾಗುತ್ತೆ ಅಂತ ಎಲ್ಲರೂ ಹೇಳಿದ್ದರು. ಆದರೆ ಯಾವುದರಲ್ಲೂ ರುಚಿ ಇಲ್ಲ. ಟೀವಿ ಬೇಡ, ಮದುವೆ ಮನೆ ಬೇಡ, ಮಗು ಓಡಿಬಂದು ತಬ್ಬಿಕೊಂಡರೂ ಮನಸ್ಸು ಅರಳೋದಿಲ್ಲ. "ಹಾಗಾದ್ರೆ ನಿಜವಾದ ನಾನು ಅಂದ್ರೆ ಇಷ್ಟೇನಾ? ಇಷ್ಟು ಸಪ್ಪೆಯಾ?" ಅನ್ನೋ ಪ್ರಶ್ನೆ ಏಳುತ್ತದೆ.

ದಯವಿಟ್ಟು ಈ ತೀರ್ಮಾನಕ್ಕೆ ಅವಸರ ಮಾಡಬೇಡಿ. ನಮ್ಮ ಮಿದುಳಿನಲ್ಲಿ ಸಂತೋಷವನ್ನು ಗುರುತಿಸುವ ಒಂದು ವ್ಯವಸ್ಥೆ ಇದೆ. ಒಳ್ಳೇ ಊಟ, ಪ್ರೀತಿಯ ಮಾತು, ಮಾಡಿದ ಕೆಲಸದ ತೃಪ್ತಿ ಎಲ್ಲವೂ ಅದನ್ನು ಮೆಲ್ಲಗೆ ಮೀಟುತ್ತವೆ. ಮದ್ಯ ಹಾಗಲ್ಲ, ಧ್ವನಿವರ್ಧಕ ಹಚ್ಚಿದ ಹಾಗೆ ಕೂಗುತ್ತದೆ. ವರ್ಷಗಟ್ಟಲೆ ಅದನ್ನು ಕೇಳಿದ ಕಿವಿಗೆ ಸಣ್ಣ ಸದ್ದು ಕೇಳಿಸೋದಿಲ್ಲ. ಸದ್ದು ನಿಂತ ಕೂಡಲೇ ಕಿವಿ ಸರಿಹೋಗೋದೂ ಇಲ್ಲ. ಕೆಲವರಿಗೆ ವಾರಗಳು, ಕೆಲವರಿಗೆ ಹಲವು ತಿಂಗಳು ಬೇಕಾಗುತ್ತದೆ. ಈ ಸಪ್ಪೆತನ ವಾಸಿಯಾಗುತ್ತಿರುವ ಗಾಯದ ಲಕ್ಷಣ. ಅದನ್ನೇ ನಿಮ್ಮ ಸ್ವಭಾವ ಅಂದುಕೊಳ್ಳಬೇಡಿ. ಆದರೆ ಬದುಕೇ ಬೇಡ ಅನ್ನಿಸಿದರೆ, ದಿನವಿಡೀ ಹಾಸಿಗೆ ಬಿಟ್ಟು ಏಳಲಾಗದಿದ್ದರೆ, ಅದು ಖಿನ್ನತೆ ಇರಬಹುದು. ಅದಕ್ಕೆ ಕಾಯಬಾರದು, ಅವತ್ತೇ ಡಾಕ್ಟರಿಗೆ ಹೇಳಬೇಕು.

ಇನ್ನೊಂದು ಸುಳ್ಳೂ ಈ ಹೊತ್ತಿನಲ್ಲಿ ಕಿವಿಯಲ್ಲಿ ಪಿಸುಗುಡುತ್ತದೆ. "ಕುಡಿದಾಗಲೇ ನಾನು ನಾನಾಗಿರ್ತಿದ್ದೆ. ನಗ್ತಿದ್ದೆ, ಹಾಡ್ತಿದ್ದೆ, ಅನ್ನಿಸಿದ್ದು ಹೇಳ್ತಿದ್ದೆ" ಅಂತ. ನಗು ಬಂದದ್ದು ನಿಜ. ಆದರೆ ಅದಕ್ಕೆ ನಿಮ್ಮ ಭಯ ಮಂಕಾಗಿದ್ದು ಕಾರಣ. ಭಯ ಹಾಗೇ ಇತ್ತು, ಬೆಳಿಗ್ಗೆ ಎದ್ದಾಗ ಎರಡು ಪಟ್ಟಾಗಿ ಕಾಯುತ್ತಿತ್ತು. ಇದರಿಂದ ನೀವು ಕಲಿಯಬೇಕಾದ ಒಳ್ಳೇ ಸುದ್ದಿ ಒಂದಿದೆ. ಆ ಹಾಡು ಬಾಟಲಿಯೊಳಗೆ ಇರಲಿಲ್ಲ, ನಿಮ್ಮೊಳಗೇ ಇತ್ತು. ಅದನ್ನು ಬಾಟಲಿ ಇಲ್ಲದೆ ಹೊರಗೆ ತರೋದು ಹೇಗೆ ಅನ್ನೋದೇ ಈಗ ಉಳಿದ ಕೆಲಸ.

'ಮೊದಲಿನವಳು' ಯಾರಾಗಿದ್ದಳು?

ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ಚಟ ಹತ್ತುವ ಮೊದಲು ನೀವು ಹೇಗಿದ್ದಿರಿ? ಎಲ್ಲರೂ ಹೊಗಳುತ್ತಿದ್ದರು. "ಎಷ್ಟು ತಾಳ್ಮೆ! ಒಂದು ಮಾತು ಎದುರಾಡೋಳಲ್ಲ. ಹತ್ತು ಜನ ಬಂದರೂ ಮುಖ ಸಿಂಡರಿಸೋಳಲ್ಲ." ಒಳಗೆ ಏನಾಗುತ್ತಿತ್ತು ಅಂತ ಯಾರೂ ಕೇಳಲಿಲ್ಲ. ನೀವೂ ಹೇಳಲಿಲ್ಲ. ಕೆಲಸ ಬಿಡಬೇಕಾಗಿ ಬಂದಾಗಿನ ನೋವು, ಹೊಟ್ಟೆಯಲ್ಲೇ ಹೋದ ಮಗುವಿನ ದುಃಖ, ತವರಿನಲ್ಲಿ ತಮ್ಮನಿಗೆ ಮಾತ್ರ ಸಿಕ್ಕ ಓದು, ಗಂಡನ ಒಂದು ಕಟುಮಾತು... ಎಲ್ಲವೂ ಬೂದಿ ಮುಚ್ಚಿದ ಕೆಂಡದ ಹಾಗೆ ಉಳಿದವು. ಒಂದು ದಿನ ಯಾವುದೋ ಪಾರ್ಟಿಯಲ್ಲೋ, ಗಂಡ ತಂದಿಟ್ಟ ಬಾಟಲಿಯಲ್ಲೋ, ನಿದ್ದೆ ಮಾತ್ರೆಯ ಹಾಳೆಯಲ್ಲೋ ಆ ಕೆಂಡ ತಣ್ಣಗಾಗುವ ದಾರಿ ಸಿಕ್ಕಿತು. ತಾಳ್ಮೆಯ ಹೊಗಳಿಕೆ ಇನ್ನಷ್ಟು ವರ್ಷ ಮುಂದುವರಿಯಿತು. ಖರ್ಚು ಮಾತ್ರ ನಿಮ್ಮ ಲಿವರಿನ ಲೆಕ್ಕಕ್ಕೆ!

ಎಲ್ಲರ ಚಟಕ್ಕೂ ಇಂಥದೇ ಕಾರಣ ಇರುತ್ತೆ ಅಂತಲ್ಲ. ಕೆಲವರಿಗೆ ಅದು ವಂಶದಲ್ಲಿ ಬಂದಿರುತ್ತದೆ, ಕೆಲವರಿಗೆ ಸುಮ್ಮನೆ ಜೊತೆಗಾರರಿಂದ ಅಂಟಿಕೊಂಡಿರುತ್ತದೆ. ಆದರೆ ಬಾಟಲಿಯ ಕೆಳಗೆ ಏನೋ ಇದ್ದವರಿಗೆ 'ಮೊದಲಿನ ಹಾಗೆ' ಆಗುವುದು ಎಷ್ಟು ಅಪಾಯ ಅಂತ ಈಗ ಗೊತ್ತಾಯಿತಲ್ಲ? ಅದೇ ಮೌನಕ್ಕೆ ಮರಳಿದರೆ ಅದೇ ಅಟ್ಟಕ್ಕೂ ಮರಳಬೇಕಾಗುತ್ತದೆ. ಚೇತರಿಕೆ ಅಂದ್ರೆ ಹಳಬಳನ್ನು ಮರಳಿ ತರೋದು ಅಂತ ತಿಳಿಯಬೇಡಿ. ಹಳಬಳು ಯಾರನ್ನು ಒಳಗೆ ಕೂಡಿಹಾಕಿದ್ದಳೋ ಅವಳನ್ನು ಹೊರಗೆ ಬಿಡೋದು.

ಅವಳು ಹೊರಗೆ ಬಂದಾಗ ನಿಮಗೇ ಗಾಬರಿ ಆಗಬಹುದು. ಅವಳಿಗೆ ಸಿಟ್ಟು ಬರುತ್ತದೆ. ಅವಳಿಗೆ ದಿನಾ ಎರಡು ಬಗೆ ಪಲ್ಯ ಮಾಡೋದು ಇಷ್ಟವಿಲ್ಲ. ನೆಂಟರ ಗದ್ದಲ ಆಗಿಬರೋದಿಲ್ಲ, ಅರ್ಧ ಗಂಟೆ ಒಬ್ಬಳೇ ಕೂರಬೇಕು. ಓರಗಿತ್ತಿಯ ಹೊಸ ಮನೆ ನೋಡಿದರೆ ಹೊಟ್ಟೆಕಿಚ್ಚು. ಇದೆಲ್ಲ ಒಪ್ಪಿಕೊಳ್ಳೋಕೆ ಕಷ್ಟ. "ಇವಳಿಗಿಂತ ಆ ಕುಡುಕಿಯೇ ವಾಸಿ" ಅಂತಲೂ ಅನ್ನಿಸಬಹುದು. ಆದರೆ ಇಷ್ಟೂ ಗುಣ ಪಕ್ಕದ ಮನೆಯಾಕೆಗೂ ಇದೆ, ನನಗೂ ಇದೆ. ಅದು ಮನುಷ್ಯರಿಗೆ ಇರುವಂಥದ್ದು. ಅವಳಿಗೆ ಒಳ್ಳೇ ಗುಣವೂ ಇದೆ, ಅದು ಸ್ವಲ್ಪ ನಿಧಾನವಾಗಿ ಹೊರಬರುತ್ತದೆ.

ಸ್ವಾಭಿಮಾನದ ಪಾಠ

ಇದು ಹೊಸ ಮಾತೇನೂ ಅಲ್ಲ. 1935ರಲ್ಲಿ ಅಮೆರಿಕದ ಏಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯಾಪಾರದ ಮನುಷ್ಯ ಮತ್ತು ಬಾಬ್ ಸ್ಮಿತ್ ಎಂಬ ವೈದ್ಯ ಭೇಟಿಯಾದರು. ಇಬ್ಬರೂ ಕುಡಿತದಿಂದ ನೆಲಕಚ್ಚಿದವರು. ಒಬ್ಬ ಕುಡುಕನ ಕಷ್ಟ ಇನ್ನೊಬ್ಬ ಕುಡುಕನಿಗೇ ಚೆನ್ನಾಗಿ ಅರ್ಥವಾಗೋದು ಅನ್ನುವ ಸರಳ ಅನುಭವದಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಅವರ ಹನ್ನೆರಡು ಹೆಜ್ಜೆಗಳಲ್ಲಿ ನಾಲ್ಕನೆಯದು ತನ್ನ ಒಳಗನ್ನು ಹೆದರದೆ ಪಟ್ಟಿ ಮಾಡಿಕೊಳ್ಳುವುದು. ಐದನೆಯದು ಅದನ್ನು ಮುಚ್ಚುಮರೆ ಇಲ್ಲದೆ ಇನ್ನೊಬ್ಬರ ಮುಂದೆ ಹೇಳಿಕೊಳ್ಳುವುದು. ಅಂದರೆ ಅಂಗಡಿಯವರು ವರ್ಷಕ್ಕೊಮ್ಮೆ ಸ್ಟಾಕ್ ಲೆಕ್ಕ ಹಾಕುತ್ತಾರಲ್ಲ, ಹಾಗೆ. ಕೆಟ್ಟುಹೋದದ್ದೂ ಬರೆಯಬೇಕು, ಒಳ್ಳೆಯದಾಗಿ ಉಳಿದಿರುವುದನ್ನೂ ಬರೆಯಬೇಕು.

ಆರಂಭದಲ್ಲಿ ಅಲ್ಲಿ ಹೆಚ್ಚಿನವರು ಗಂಡಸರೇ. 1970ರ ದಶಕದಲ್ಲಿ ಜೀನ್ ಕರ್ಕ್‌ಪ್ಯಾಟ್ರಿಕ್ ಎಂಬ ಸಮಾಜಶಾಸ್ತ್ರಜ್ಞೆ ಹೆಣ್ಣುಮಕ್ಕಳಿಗಾಗಿಯೇ 'ವಿಮೆನ್ ಫಾರ್ ಸೋಬ್ರೈಟಿ' ಎಂಬ ಕೂಟ ಕಟ್ಟಿದರು. ಆಕೆ ಸ್ವತಃ ಕುಡಿತದಿಂದ ಬಳಲಿ ಹೊರಬಂದವರು. ಆಕೆಯ ವಾದ ಕೇಳಬೇಕಾದ್ದೇ. ಗಂಡಸಿಗೆ ಅಹಂಕಾರ ಕಳಚಿಕೊಳ್ಳೋದು ಔಷಧಿ ಆಗಬಹುದು. ಆದರೆ ಚಟದಿಂದ ಬಂದ ಹೆಣ್ಣಿನಲ್ಲಿ ಕಳಚಿಕೊಳ್ಳೋಕೆ ಅಹಂಕಾರವೇ ಉಳಿದಿರೋದಿಲ್ಲ. ಅವಳಿಗೆ ಬೇಕಾದ್ದು ತನ್ನ ಬಗ್ಗೆ ತನಗೊಂದು ಮರ್ಯಾದೆ.

ನಮ್ಮ ಮನೆಗಳಿಗೆ ಇದು ಇನ್ನೂ ಹೆಚ್ಚು ಹೊಂದುತ್ತದೆ. ಆಸ್ಪತ್ರೆಯಿಂದ ಬಂದವಳಿಗೆ ನಾವು ಕೊಡುವ ಉಪದೇಶ ಏನು? ಇನ್ನಾದರೂ ತಗ್ಗಿಬಗ್ಗಿ ನಡಿ ಅಂತ. ತಗ್ಗಿ ಬಗ್ಗಿಯೇ ಬೆನ್ನು ಬಾಗಿದವಳಿಗೆ ಇನ್ನೆಷ್ಟು ಬಗ್ಗು ಅಂತ ಹೇಳೋದು?

'ತಪ್ಪು ಮಾಡಿದೆ', 'ನಾನೇ ತಪ್ಪು'

ಈ ಎರಡು ಮಾತಿಗೆ ಭೂಮಿ ಆಕಾಶದಷ್ಟು ಅಂತರ ಇದೆ. "ಮಗಳ ಸ್ಕೂಲ್ ಡೇಗೆ ಹೋಗದೆ ಕುಡಿದು ಮಲಗಿದ್ದೆ, ತಪ್ಪು ಮಾಡಿದೆ" ಅನ್ನೋದು ಪಶ್ಚಾತ್ತಾಪ. ಅದರಿಂದ ಮುಂದೆ ದಾರಿ ಇದೆ, ಸರಿಪಡಿಸಬಹುದು. "ನಾನು ತಾಯಿ ಅನ್ನಿಸಿಕೊಳ್ಳೋಕೇ ಲಾಯಕ್ಕಿಲ್ಲ" ಅನ್ನೋದು ನಾಚಿಕೆಯ ಹೊಂಡ. ಅಲ್ಲಿಂದ ಒಂದೇ ದಾರಿ, ಮತ್ತೆ ಬಾಟಲಿ. ನಿಮ್ಮ ಬಗ್ಗೆ ನೀವು ಮಾತಾಡಿಕೊಳ್ಳುವಾಗ ಯಾವ ಮಾತು ಬಳಸ್ತೀರಿ ಅಂತ ಒಂದು ದಿನ ಗಮನಿಸಿ ನೋಡಿ.

ಹಾಗಂತ ತನ್ನನ್ನು ತಾನು ಒಪ್ಪಿಕೊಳ್ಳೋದು ಅಂದ್ರೆ "ನಾನಿರೋದೇ ಹೀಗೆ, ಏನ್ ಮಾಡ್ಕೋತೀರಾ" ಅಂತ ಸೊಂಟಕ್ಕೆ ಕೈ ಇಟ್ಟು ನಿಲ್ಲೋದಲ್ಲ! ನನಗೆ ಸಿಟ್ಟಿದೆ ಅಂತ ಒಪ್ಪಿಕೊಂಡವಳು ಅದನ್ನು ಮಗುವಿನ ಬೆನ್ನ ಮೇಲೆ ತೀರಿಸಬೇಕಿಲ್ಲ, ಯಾರಿಗೆ ಹೇಳಬೇಕೋ ಅವರಿಗೆ ಮಾತಿನಲ್ಲಿ ಹೇಳಬಹುದು. ಒಪ್ಪಿಕೊಳ್ಳದವಳೇ ಯಾವಾಗಲೋ ಎಲ್ಲಿಯೋ ಸಿಡಿಯುವುದು.

ಮಗಳ ಹತ್ತಿರ ಕ್ಷಮೆ ಕೇಳೋದಾದರೆ ಚಿಕ್ಕದಾಗಿ, ನೇರವಾಗಿ ಕೇಳಿ. "ಪುಟ್ಟಿ, ಆ ದಿನ ಜ್ವರ ಅಂತ ಹೇಳಿದ್ದೆ. ಅದು ಸುಳ್ಳು. ನಾನು ಬರಬೇಕಿತ್ತು, ಬರಲಿಲ್ಲ. ನಿನಗೆ ಬೇಜಾರಾಗಿತ್ತು ಅಂತ ಗೊತ್ತು." ಇಷ್ಟು ಸಾಕು. ಅಳುತ್ತಾ ಕಾಲಿಗೆ ಬಿದ್ದು, ನಿಮ್ಮನ್ನು ಸಮಾಧಾನ ಮಾಡುವ ಭಾರವನ್ನು ಆ ಮಗುವಿನ ತಲೆ ಮೇಲೆ ಹಾಕಬೇಡಿ. "ಇನ್ನು ಯಾವತ್ತೂ ಹೀಗಾಗಲ್ಲ" ಅಂತ ಆಣೆ ಪ್ರಮಾಣವೂ ಬೇಡ. ಮುಂದಿನ ಸ್ಕೂಲ್ ಡೇಗೆ ಹೋಗಿ ಮೊದಲ ಸಾಲಿನಲ್ಲಿ ಕೂತರೆ ಅದೇ ಪ್ರಮಾಣ.

ನೂರು ಪುಟದ ನೋಟ್ ಬುಕ್

ಒಂದು ಸಾಧಾರಣ ನೋಟ್ ಬುಕ್ ಕೊಂಡುಕೊಳ್ಳಿ. ದಿನಕ್ಕೆ ಹದಿನೈದು ನಿಮಿಷ ಸಾಕು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬೇಡ, ಆಗ ಮನಸ್ಸು ಕತ್ತಲನ್ನೇ ಬರೆಸುತ್ತದೆ. ಹಗಲು ಹೊತ್ತು ಕೂತು ಈ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆಯಿರಿ.

* ಬಾಟಲಿ ನನಗೆ ಏನು ಕೊಡುತ್ತಿತ್ತು? ನಿದ್ದೆಯೋ, ಧೈರ್ಯವೋ, ಮರೆವೋ? ಅದನ್ನು ಬೇರೆ ಎಲ್ಲಿಂದ ತರಬಹುದು?

* ಯಾವ ಮಾತನ್ನು, ಯಾರ ಎದುರು ಹೇಳಲಾಗದೆ ನುಂಗಿಕೊಂಡೆ?

* ಚಟಕ್ಕೆ ಮುಂಚೆ ಏನು ಮಾಡುವಾಗ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ? ಹೊಲಿಗೆಯೋ, ಕಾದಂಬರಿಯೋ, ಕೈತೋಟವೋ, ಗಣಿತವೋ?

* ಯಾರ ಮುಂದೆ ನಾನು ನಟಿಸಬೇಕಾಗಿಲ್ಲ? ಅಂಥವರು ಒಬ್ಬರೂ ಇಲ್ಲದಿದ್ದರೆ, ಎಲ್ಲಿ ಹುಡುಕಲಿ?

* ಇವತ್ತು ಯಾವುದಕ್ಕೆ 'ಹೂಂ' ಅಂದೆ, ಮನಸ್ಸು 'ಊಹೂಂ' ಅನ್ನುತ್ತಿದ್ದರೂ?

* ಕಷ್ಟದ ದಿನಗಳಲ್ಲೂ ನಾನು ಬಿಡದೆ ಮಾಡಿದ ಒಳ್ಳೇ ಕೆಲಸ ಯಾವುದು?

ಕೊನೆಯ ಪ್ರಶ್ನೆಯನ್ನು ದಾಟಿಸಿಬಿಡಬೇಡಿ. ಪಟ್ಟಿಯಲ್ಲಿ ಬರೀ ತಪ್ಪುಗಳೇ ಇದ್ದರೆ ಅದು ಚಾರ್ಜ್‌ಶೀಟ್ ಆಗುತ್ತದೆ, ಲೆಕ್ಕಪತ್ರ ಆಗೋದಿಲ್ಲ.

ಬರೆದದ್ದನ್ನು ಎಲ್ಲರಿಗೂ ಓದಿ ಹೇಳಬೇಕಾಗಿಲ್ಲ. ಆಪ್ತ ಸಲಹೆಗಾರರ ಹತ್ತಿರ, ಕೂಟದಲ್ಲಿ ಸಿಕ್ಕ ಹಿರಿಯ ಗೆಳತಿಯ ಹತ್ತಿರ, ಗುಟ್ಟು ಉಳಿಸಿಕೊಳ್ಳುವ ಒಬ್ಬರ ಹತ್ತಿರ ಹೇಳಿದರೆ ಸಾಕು. ಬರೆಯುತ್ತಾ ಹೋದಾಗ ಹಳೆಯ ದೌರ್ಜನ್ಯವೋ, ಈಗಲೂ ನಡೆಯುತ್ತಿರುವ ಹೊಡೆತ ಬಡಿತವೋ ಹೊರಗೆ ಬಂದರೆ ಅದನ್ನು ನೋಟ್ ಬುಕ್ಕಿನಲ್ಲೇ ಮುಚ್ಚಿಡಬೇಡಿ. ಸಲಹೆಗಾರರಿಗೆ ಹೇಳಿ. ಮನೆಯಲ್ಲಿ ಅಪಾಯ ಇದ್ದರೆ 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಿ.

ಮನೆಯವರಿಗೂ ಒಂದಿಷ್ಟು

ಈ ಪುಟವನ್ನು ಗಂಡನ ಕೈಗೋ, ಅಮ್ಮನ ಕೈಗೋ ಕೊಟ್ಟು ಇಲ್ಲಿಂದ ಓದಲು ಹೇಳಿ.

ನಿಮಗೆ ಆದ ಗಾಯ ಸಣ್ಣದಲ್ಲ. ನಿಮ್ಮ ಅನುಮಾನವೂ ಸುಳ್ಳಲ್ಲ, ಎಷ್ಟೋ ಸಲ ಮೋಸ ಹೋಗಿದ್ದೀರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ನಂಬಿಕೆಯ ಮಡಕೆಯೂ ಹಾಗೇ. ಮತ್ತೆ ಮಾಡಲು ಸಮಯ ಬೇಕು. ಆದರೆ ಬಚ್ಚಲಿಂದ ಬಂದವಳ ಬಾಯಿ ಮೂಸಿ ನೋಡೋದು, ಮದುವೆ ಮನೆಯಲ್ಲಿ ಎಲ್ಲರ ಎದುರು "ಇವಳಿಗೆ ಜ್ಯೂಸ್ ಸಾಕು" ಅನ್ನೋದು, ಸಣ್ಣ ಜಗಳದಲ್ಲೂ "ನೀನು ಕುಡುಕಿ ಅಲ್ವಾ" ಅಂತ ಹಳೇದನ್ನು ಎತ್ತೋದು ಮಡಕೆಗೆ ಹೊಡೆಯುವ ದೊಣ್ಣೆಗಳು.

ಮನೆಯಲ್ಲಿ ಬಾಟಲಿ ಇಡಬೇಡಿ. "ನಾನು ವಾರಕ್ಕೊಂದು ಸಲ ಅಷ್ಟೇ, ಅವಳಿಗೇನು" ಅನ್ನುವ ಗಂಡಂದಿರೇ, ಸ್ವಲ್ಪ ದಿನ ನೀವೂ ಬಿಟ್ಟು ನೋಡಿ. ಅವಳು 'ಇವತ್ತು ಆಗಲ್ಲ' ಅಂದಾಗ ಅದನ್ನು ಸೊಕ್ಕು ಅನ್ನಬೇಡಿ. ಎಷ್ಟೋ ವರ್ಷದ ಮೇಲೆ ಆಕೆ ಆಡುತ್ತಿರುವ ನಿಜವಾದ ಮಾತು ಅದು. ಅಡುಗೆ ಒಂದು ಹೊತ್ತು ತಡ ಆದರೂ ಮನೆ ಮುಳುಗೋದಿಲ್ಲ. 'ಮೊದಲಿನ ಹಾಗೆ ಆಗು' ಅನ್ನುವ ಬದಲು 'ಈಗ ಹೇಗಿದ್ದೀಯ' ಅಂತ ಕೇಳಿ. ನಿಮ್ಮ ನೋವು ಹೇಳಿಕೊಳ್ಳೋಕೂ ಜಾಗ ಇದೆ. ವ್ಯಸನಿಗಳ ಮನೆಯವರಿಗಾಗಿಯೇ ಬಿಲ್ ವಿಲ್ಸನ್ನರ ಹೆಂಡತಿ ಲೋಯಿಸ್ ತಮ್ಮ ಗೆಳತಿಯೊಬ್ಬರ ಜೊತೆ 1951ರಲ್ಲಿ ಆಲ್-ಅನಾನ್ ಎಂಬ ಕೂಟ ಕಟ್ಟಿದರು. ಅದು ಭಾರತದಲ್ಲೂ ಇದೆ.

ಜಾರಿದರೆ?

ಜಾರಬಹುದು. ಎಷ್ಟೋ ಜನ ಜಾರಿದ್ದಾರೆ, ಎದ್ದೂ ಇದ್ದಾರೆ. ಆ ರಾತ್ರಿ ಮನಸ್ಸು ಹೇಳುವ ಮಾತು ಮಾತ್ರ ಬಲು ಅಪಾಯದ್ದು. "ನೋಡಿದ್ಯಾ, ಇದೇ ನಿಜವಾದ ನೀನು. ಆ 92 ದಿನ ಬರೀ ನಾಟಕ." ನಂಬಬೇಡಿ. ಸಕ್ಕರೆ ಕಾಯಿಲೆಯವರು ಹಬ್ಬಕ್ಕೆ ಹೋಳಿಗೆ ತಿಂದು ಸಕ್ಕರೆ ಏರಿಸಿಕೊಂಡರೆ, ಅದುವರೆಗಿನ ಪಥ್ಯವೆಲ್ಲ ನಾಟಕ ಆಗುತ್ತದೆಯೇ? ಮರುದಿನವೇ ಡಾಕ್ಟರಿಗೆ, ಸಲಹೆಗಾರರಿಗೆ ಫೋನ್ ಮಾಡಿ ಹೇಳಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಬೇಗ ಎದ್ದು ನಿಲ್ಲುತ್ತೀರಿ. ಬಚ್ಚಿಟ್ಟರೆ ಹಳೇ ಎರಡು ಮುಖದ ಬದುಕು ಮತ್ತೆ ಶುರು.

ಜಾರುವ ಮುಂಚೆ ಹೆಚ್ಚಾಗಿ ನಾಲ್ಕರಲ್ಲಿ ಒಂದು ಇದ್ದೇ ಇರುತ್ತದೆ. ಹಸಿವು, ಸಿಟ್ಟು, ಒಂಟಿತನ, ದಣಿವು. ಆಸೆ ಎದ್ದಾಗ ಈ ನಾಲ್ಕನ್ನು ಬೆರಳಲ್ಲಿ ಎಣಿಸಿ. ಹಸಿವಾಗಿದ್ದರೆ ಮೊದಲು ಒಂದು ತುತ್ತು ತಿನ್ನಿ. ಸಿಟ್ಟಿದ್ದರೆ ಬರೆಯಿರಿ, ಇಲ್ಲವೇ ಬೀದಿಯ ಕೊನೆಯವರೆಗೆ ನಡೆದು ಬನ್ನಿ. ಒಂಟಿ ಅನ್ನಿಸಿದರೆ ಫೋನ್ ಮಾಡಿ. ದಣಿದಿದ್ದರೆ ಪಾತ್ರೆ ಹಾಗೇ ಇರಲಿ, ಮಲಗಿ. ಆ ತೀವ್ರ ಆಸೆ ಅಲೆಯ ಹಾಗೆ, ಏರಿದ್ದು ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದರ ಜೋರು ತಗ್ಗುತ್ತದೆ. ಅಷ್ಟು ಹೊತ್ತು ದಾಟಿಸಿದರೆ ಅವತ್ತಿಗೆ ಗೆದ್ದ ಹಾಗೆ.

ಇನ್ನೊಂದು ಮಾತು. ಆರು ತಿಂಗಳು ಚೆನ್ನಾಗಿದ್ದೇನೆ ಅಂತ ಮಾತ್ರೆಯನ್ನೋ, ಸಲಹೆಗಾರರ ಭೇಟಿಯನ್ನೋ ನೀವಾಗಿಯೇ ನಿಲ್ಲಿಸಬೇಡಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನೋ ಗಾದೆ ಇಲ್ಲಿ ನಡೆಯೋದಿಲ್ಲ. ಈ ಹೊಳೆ ಅಗಲ.

ಎಲ್ಲಿಗೆ ಹೋಗಬಹುದು?

* ಟೆಲಿ ಮಾನಸ್: 14416. 2022ರ ಅಕ್ಟೋಬರಿನಲ್ಲಿ ಶುರುವಾದ ಕೇಂದ್ರ ಸರ್ಕಾರದ ಉಚಿತ ಸೇವೆ. ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತಾಡಬಹುದು.

* ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ: 14446.

* ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ.

* ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕೇಳಿ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ ಇದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ.

* ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳಿಗೆ ಶುಲ್ಕ ಇಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಕುಡಿತ ಬಿಡಬೇಕೆಂಬ ಆಸೆ ಒಂದಿದ್ದರೆ ಸಾಕು.

ಕೊನೆಗೆ...

ನಾಳೆ ಸಂಜೆಯೂ ನಾಲ್ಕೂವರೆ ಆಗುತ್ತದೆ. ಹಾಲು ಕಾಯುತ್ತದೆ, ಕಣ್ಣು ಅಟ್ಟದ ಕಡೆ ಹೋಗುತ್ತದೆ. ಹೋಗಲಿ ಬಿಡಿ, ಅದರ ಮೇಲೆ ಸಿಟ್ಟಾಗಬೇಡಿ. ಕಾಫಿ ಬೆರೆಸಿಕೊಂಡು ನೋಟ್ ಬುಕ್ ತೆಗೆಯಿರಿ. ಅತ್ತೆ ಬಂದು "ಏನಮ್ಮಾ ಬರೀತಿದ್ದೀಯಾ" ಅಂತ ಕೇಳಿದರೆ ಮುಚ್ಚಿಡಬೇಡಿ. "ಒಂದು ಹತ್ತು ನಿಮಿಷ ನನ್ನ ಪಾಡಿಗೆ ಕೂತಿರ್ತೀನಿ ಅತ್ತೆ. ಅಡುಗೆ ಆಮೇಲೆ ಇಬ್ಬರೂ ಸೇರಿ ಮಾಡೋಣ" ಅನ್ನಿ. ಮೊದಲ ಸಲ ಹೇಳುವಾಗ ಧ್ವನಿ ನಡುಗಬಹುದು.

ಮೊದಲಿನವಳಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. ಹಾಗೆ ಹೇಳಿದವಳು ಯಾರು ಅಂತ ನೋಡಿಕೊಳ್ಳಿ. ಅವಳೇ ನೀವು. ಕ್ಯಾಲೆಂಡರಿನಲ್ಲಿ 93ನೇ ಚುಕ್ಕೆಯನ್ನು ಈ ಸಲ ಪೆನ್ನಿನಲ್ಲೇ ಇಡಿ.